ಮೇಲ್ಭಾಗದವಳು, ಕೆಳಭಾಗದವಳು: ಪೈಪೋಟಿ ಪ್ರೀತಿಯಾಗುವ ಕಾದಂಬರಿ ಹೇಗೆ ನಡೆಯುತ್ತದೆ?

ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟ ಮೇಲೆ ರಾಯಚೂರು ಜಿಲ್ಲೆಯಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು: 104ನೇ ಮೈಲ್‌ನಲ್ಲಿ ಗೇಜ್, ಅಂದರೆ ಕಾಲುವೆಯ ನೀರಿನ ಮಟ್ಟ, ಎಷ್ಟಿದೆ? ಕೊಪ್ಪಳ ಜಿಲ್ಲೆಯ ಮುನಿರಾಬಾದಿನಲ್ಲಿ ಹೊರಟ ನೀರು ಗಂಗಾವತಿ, ಕಾರಟಗಿಯ ಭತ್ತದ ಗದ್ದೆಗಳನ್ನು ದಾಟಿ, ಸಿಂಧನೂರನ್ನು ದಾಟಿ, ಮಾನ್ವಿ, ಸಿರವಾರದ ಕಡೆಗೆ ಬರಬೇಕು. ಕಾಲುವೆಯ ಉದ್ದ ಸುಮಾರು 227 ಕಿಲೋಮೀಟರ್. ಯೋಜನೆ ರೂಪಿಸಿದವರು ಈ ನೀರಿನ ದೊಡ್ಡ ಪಾಲನ್ನು ಕಡಿಮೆ ನೀರು ಬೇಡುವ ಬೆಳೆಗಳಿಗೆಂದು ಲೆಕ್ಕ ಹಾಕಿದ್ದರು. ಮೇಲ್ಭಾಗ ಭತ್ತಕ್ಕೆ ಇಳಿಯಿತು. ಮೇಲೆ ನಾಟಿ ಹೆಚ್ಚಿದಷ್ಟೂ ಕೆಳಗೆ ಗೇಜ್ ಇಳಿಯುತ್ತದೆ, ಗೇಜ್ ಇಳಿದಷ್ಟೂ ರಸ್ತೆ ತಡೆ ಏರುತ್ತದೆ.

ಈಗ ಈ ಕಾಲುವೆಯ ಮೇಲ್ಭಾಗದ ಒಂದು ಉಪವಿಭಾಗಕ್ಕೆ ಒಬ್ಬ ಮಹಿಳಾ ಎಂಜಿನಿಯರನ್ನೂ ಕೆಳಭಾಗದ ಉಪವಿಭಾಗಕ್ಕೆ ಇನ್ನೊಬ್ಬಳನ್ನೂ ಕಲ್ಪಿಸಿಕೊಳ್ಳಿ. ಇಬ್ಬರೂ ಸಹಾಯಕ ಕಾರ್ಯನಿರ್ವಾಹಕ ಎಂಜಿನಿಯರರು. ಇಬ್ಬರೂ ಸಂವಿಧಾನದ 371(ಜೆ) ವಿಧಿಯಡಿ ಕಲ್ಯಾಣ ಕರ್ನಾಟಕದ ಸ್ಥಳೀಯ ವೃಂದಕ್ಕೆ ಸೇರಿದವರು, ಹಾಗಾಗಿ ಬಡ್ತಿಯ ಸಾಲಿನಲ್ಲಿ ಹಿಂದೆ ಮುಂದೆ ನಿಂತವರು. ತೆರವಾಗಲಿರುವ ಕುರ್ಚಿ ಒಂದೇ. ಒಬ್ಬಳು ತನ್ನ ರೈತರಿಗೆ ನೀರು ಉಳಿಸಿಕೊಂಡರೆ ಇನ್ನೊಬ್ಬಳ ರೈತರು ಅವಳ ಕಚೇರಿಗೆ ಬೀಗ ಜಡಿಯುತ್ತಾರೆ. ಇಬ್ಬರ ನಡುವೆ ಹಗೆ ಹುಟ್ಟಿಸಲು ಲೇಖಕಿ ಏನನ್ನೂ ಹೊಸೆಯಬೇಕಾಗಿಲ್ಲ. ಭೂಮಿಯ ಇಳಿಜಾರೇ ಆ ಕೆಲಸ ಮಾಡಿ ಮುಗಿಸಿದೆ.

ಇಂಥ ಕಥೆಗಳಿಗೆ ಇಂಗ್ಲಿಷ್ ಪ್ರಕಾಶನ ಜಗತ್ತಿನಲ್ಲಿ ಉದ್ದನೆಯ ಹಣೆಪಟ್ಟಿಯಿದೆ: ಸ್ಯಾಫಿಕ್, ರೈವಲ್ಸ್ ಟು ಲವರ್ಸ್, ವರ್ಕ್‌ಪ್ಲೇಸ್ ರೊಮ್ಯಾನ್ಸ್. ಹೆಣ್ಣು ಹೆಣ್ಣನ್ನು ಪ್ರೀತಿಸುವ ಕಥೆ, ಪೈಪೋಟಿಯಲ್ಲಿ ಶುರುವಾಗಿ ಪ್ರೀತಿಯಲ್ಲಿ ಮುಗಿಯುವ ಕಥೆ, ಕೆಲಸದ ಜಾಗದಲ್ಲಿ ನಡೆಯುವ ಕಥೆ. ಮೂರೂ ಒಂದೇ ಪುಸ್ತಕದಲ್ಲಿ ಬಂದಾಗ ಒಂದು ವಿಚಿತ್ರ ಯಂತ್ರ ತಯಾರಾಗುತ್ತದೆ. ಹೊರಗಿನಿಂದ ನೋಡಿದರೆ ಸರಳ, ಹಗುರ, ಪ್ರಯಾಣದಲ್ಲಿ ಓದಿ ಮುಗಿಸುವ ಸರಕು. ಒಳಗೆ ಹಲ್ಲುಗಾಲಿಗಳು ಬಹಳ. ಅವು ಹೇಗೆ ತಿರುಗುತ್ತವೆ, ನಮ್ಮ ಬಳ್ಳಾರಿ, ರಾಯಚೂರು, ಕೊಪ್ಪಳದ ನೆಲದಲ್ಲಿ ಇಟ್ಟರೆ ಎಲ್ಲಿ ಕಚ್ಚಿಕೊಳ್ಳುತ್ತವೆ ಎಂಬುದನ್ನು ಬಿಡಿಸಿ ನೋಡುವುದು ಈ ಬರಹದ ಕೆಲಸ.

ರೊಮ್ಯಾನ್ಸ್ ಎಂಬ ಪ್ರಕಾರಕ್ಕೆ ಇರುವುದು ಎರಡೇ ಷರತ್ತು. ಕಥೆಯ ನಡುವಿನಲ್ಲಿ ಪ್ರೀತಿ ಇರಬೇಕು, ಕೊನೆ ಸುಖದ್ದೋ ಭರವಸೆಯದ್ದೋ ಆಗಿರಬೇಕು. ಅಂದರೆ ಓದುಗರಿಗೆ ಮೊದಲ ಪುಟದಲ್ಲೇ ಕೊನೆ ಗೊತ್ತು. ಇದನ್ನೇ ಹಿಡಿದು ಗಂಭೀರ ಸಾಹಿತ್ಯದವರು ಮೂಗು ಮುರಿಯುತ್ತಾರೆ. ಆದರೆ ಬಯಲಾಟ ನೋಡಲು ಕುಳಿತವರಿಗೆ ದುರ್ಯೋಧನ ಸೋಲುತ್ತಾನೆಂಬುದು ಗೊತ್ತಿರಲಿಲ್ಲವೇ? ಬೆಳಗಿನ ಜಾವದವರೆಗೆ ಕೂರಿಸುತ್ತಿದ್ದದ್ದು ಹೇಗೆ ಸೋಲುತ್ತಾನೆ ಎಂಬ ಕುತೂಹಲ. ಇಲ್ಲಿಯೂ ಅಷ್ಟೇ: ಒಬ್ಬಳನ್ನು ಕಂಡರೆ ಇನ್ನೊಬ್ಬಳಿಗೆ ಆಗುವುದಿಲ್ಲ ಎಂಬಲ್ಲಿಂದ, ಒಬ್ಬಳಿಲ್ಲದೆ ಇನ್ನೊಬ್ಬಳಿಗೆ ಆಗುವುದಿಲ್ಲ ಎಂಬಲ್ಲಿಗೆ ಹೋಗುವ ದಾರಿಯನ್ನು ಓದುಗರು ನಂಬುವಂತೆ ಹಾಕಬೇಕು.

ಇಲ್ಲಿ ಮೊದಲು ತಿಳಿಯಬೇಕಾದ ವ್ಯತ್ಯಾಸ ವೈರಿಗೂ ಪ್ರತಿಸ್ಪರ್ಧಿಗೂ ಇರುವಂಥದ್ದು. ವೈರಿ ನಿಮ್ಮ ಕೇಡನ್ನು ಬಯಸುತ್ತಾಳೆ. ಪ್ರತಿಸ್ಪರ್ಧಿ ನೀವು ಬಯಸಿದ್ದನ್ನೇ ಬಯಸುತ್ತಾಳೆ. ವೈರಿಯನ್ನು ಪ್ರೀತಿಸಬೇಕಾದರೆ ಆಕೆ ಮಾಡಿದ ಕೇಡನ್ನು ಕ್ಷಮಿಸಬೇಕು, ಅದು ಬೇರೆಯದೇ ಕಾದಂಬರಿ. ಪ್ರತಿಸ್ಪರ್ಧಿಯ ವಿಷಯದಲ್ಲಿ ಕ್ಷಮಿಸಲು ಏನೂ ಇಲ್ಲ. ಆಕೆ ನಿಮ್ಮಷ್ಟೇ ಚೆನ್ನಾಗಿ ಕೆಲಸ ಮಾಡುತ್ತಾಳೆ, ಅದೇ ಅವಳ ಅಪರಾಧ. ಹಾಗಾಗಿ ಈ ಬಗೆಯ ಕಥೆ ನಿಲ್ಲುವುದು ಇಬ್ಬರ ಸಾಮರ್ಥ್ಯ ಸರಿಸಮವಾಗಿದ್ದಾಗ ಮಾತ್ರ. ಒಬ್ಬಳು ಬುದ್ಧಿವಂತೆ, ಇನ್ನೊಬ್ಬಳು ಶಾಸಕರ ಶಿಫಾರಸಿನಿಂದ ಬಂದ ದಡ್ಡಿ ಎಂದು ಬರೆದರೆ ಅದು ಪೈಪೋಟಿಯಲ್ಲ, ದೂರು ಅರ್ಜಿ.

ಜಗಳ ಸ್ವಭಾವದಿಂದ ಬರಬಾರದು, ಕೆಲಸದಿಂದಲೇ ಬರಬೇಕು. ಬಹಳಷ್ಟು ಕಾದಂಬರಿಗಳು ಎಡವುವುದು ಇಲ್ಲಿಯೇ. ನಾಯಕಿ ಒರಟು, ಎದುರಾಳಿ ಜಂಬದವಳು, ಕಾಫಿ ಚೆಲ್ಲಿತು, ಮಾತಿಗೆ ಮಾತು ಬೆಳೆಯಿತು: ಇಂಥ ಜಗಳ ಐವತ್ತನೇ ಪುಟಕ್ಕೆ ಸುಸ್ತಾಗುತ್ತದೆ, ಏಕೆಂದರೆ ಕಾಫಿ ಕಲೆ ತೊಳೆದರೆ ಹೋಗುತ್ತದೆ. ಕೆಲಸವೇ ಇಬ್ಬರನ್ನು ಎದುರುಬದುರು ನಿಲ್ಲಿಸಿದರೆ ಇಬ್ಬರೂ ಒಳ್ಳೆಯವರಾಗಿಯೇ ಇರಬಹುದು, ಇಬ್ಬರೂ ಸರಿಯಾಗಿಯೇ ಇರಬಹುದು, ಜಗಳ ಮಾತ್ರ ಪ್ರತಿ ಬೆಳಿಗ್ಗೆ ಹೊಸದಾಗಿ ಹುಟ್ಟುತ್ತದೆ.

ಇದಕ್ಕೆ ಬಳ್ಳಾರಿಯ ಜೀನ್ಸ್ ಘಟಕಗಳಷ್ಟು ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಹೊಲಿಗೆ ಸಾಲಿನ ಸೂಪರ್‌ವೈಸರ್‌ಗೆ ಬೇಕಾದದ್ದು ಸಂಖ್ಯೆ, ಸಂಜೆಯೊಳಗೆ ಟಾರ್ಗೆಟ್ ಮುಟ್ಟಬೇಕು. ಚೆಕಿಂಗ್ ಟೇಬಲ್ಲಿನವಳಿಗೆ ಬೇಕಾದದ್ದು ದೋಷವಿಲ್ಲದ ಪೀಸ್. ಹೊಲಿಗೆ ಜಾರಿದ್ದರೆ, ಬೆಲ್ಟ್ ಲೂಪನ್ನು ಬಿಗಿಹಿಡಿಯುವ ಹೊಲಿಗೆಯಾದ ಬಾರ್‌ಟ್ಯಾಕ್ ತಪ್ಪಿದ್ದರೆ ಆಕೆ ‘ಆಲ್ಟರ್’ ಎಂದು ಪಕ್ಕಕ್ಕಿಡುತ್ತಾಳೆ. ಪಕ್ಕಕ್ಕೆ ಬಿದ್ದ ಪ್ರತಿ ಪ್ಯಾಂಟೂ ಸೂಪರ್‌ವೈಸರ್‌ ಲೆಕ್ಕದಲ್ಲಿ ಕಳೆತ. ಒಬ್ಬಳು ತನ್ನ ಕೆಲಸವನ್ನು ನಿಷ್ಠೆಯಿಂದ ಮಾಡಿದರೆ ಸಾಕು, ಇನ್ನೊಬ್ಬಳ ದಿನ ಹಾಳು. ಇನ್ನು ಬಣ್ಣದ ಛಾಯೆಯ ತೊಂದರೆ ನೋಡಿ. ಬೇರೆ ಬೇರೆ ರೋಲಿನ ಡೆನಿಮ್ ಬಟ್ಟೆಯ ನೀಲಿ ಒಂದೇ ಆಗಿರುವುದಿಲ್ಲ, ಅದಕ್ಕೇ ಕತ್ತರಿಸಿದ ತುಂಡುಗಳಿಗೆ ನಂಬರ್ ಹಚ್ಚಿ ಬಂಡಲ್ ಕಟ್ಟುತ್ತಾರೆ. ಬಂಡಲ್ ಅದಲುಬದಲಾದರೆ ಹೊಲಿಯುವಾಗ ಗೊತ್ತಾಗದೆ ಹೋಗಬಹುದು. ವಾಷಿಂಗ್‌ಗೆ ಹೋಗಿ ಬಂದ ಮೇಲೆ ಎಡಗಾಲು ಒಂದು ನೀಲಿ, ಬಲಗಾಲು ಇನ್ನೊಂದು ನೀಲಿ. ಆಗ ತಪ್ಪು ಯಾರದು? ಕತ್ತರಿಸಿದವರದೋ, ಹೊಲಿಸಿದವಳದೋ, ನೋಡದೆ ಬಿಟ್ಟವಳದೋ? ಮೂರು ಅಧ್ಯಾಯಕ್ಕೆ ಸಾಕಾಗುವ ಜಗಳ, ಜೊತೆಗೆ ರಾತ್ರಿ ಇಬ್ಬರೂ ಕುಳಿತು ನಂಬರ್ ಹೊಂದಿಸಿ ನೋಡಬೇಕಾದ ಅನಿವಾರ್ಯ.

ಶಕ್ತಿನಗರದ ರಾಯಚೂರು ಶಾಖೋತ್ಪನ್ನ ಕೇಂದ್ರ ಇನ್ನೊಂದು ಬಗೆಯ ಅನುಕೂಲ ಒದಗಿಸುತ್ತದೆ. 1985ರಲ್ಲಿ ಮೊದಲ ಘಟಕ ಶುರುವಾದ ಈ 1,720 ಮೆಗಾವಾಟ್ ಸ್ಥಾವರ ಹಗಲು ರಾತ್ರಿ ಪಾಳಿಯ ಮೇಲೆ ನಡೆಯುತ್ತದೆ. ಕಂಟ್ರೋಲ್ ರೂಮಿನ ಇಬ್ಬರು ಎಂಜಿನಿಯರರನ್ನು ಬೇರೆ ಬೇರೆ ಪಾಳಿಗೆ ಹಾಕಿ. ಭೇಟಿಯಾಗುವುದು ಪಾಳಿ ಬದಲಾಗುವ ಕೆಲವು ನಿಮಿಷ ಮಾತ್ರ. ಉಳಿದ ಮಾತೆಲ್ಲ ಲಾಗ್‌ಬುಕ್ಕಿನಲ್ಲಿ. ಕಲ್ಲಿದ್ದಲು ಗಿರಣಿಯಲ್ಲಿ ಕಂಪನ ಇದೆ, ಹಿಂದಿನ ಪಾಳಿಯವರು ಗಮನಿಸಿಲ್ಲ ಎಂದು ಒಬ್ಬಳು ಬರೆಯುತ್ತಾಳೆ. ಗಮನಿಸಲಾಗಿದೆ, ಹಿಂದಿನ ಪುಟ ನೋಡುವುದು ಎಂದು ಇನ್ನೊಬ್ಬಳ ಉತ್ತರ. ಬಾಯ್ಲರ್ ಟ್ಯೂಬ್ ಸೋರಿಕೆಯ ಬಗ್ಗೆ ಬರೆದ ಟಿಪ್ಪಣಿಯೊಂದರಲ್ಲಿ ಅಕ್ಷರ ಸ್ವಲ್ಪ ಗುಂಡಗಾದರೆ ಓದುಗರು ಎದ್ದು ಕೂರುತ್ತಾರೆ. ನಿಧಾನವಾಗಿ ಉರಿಯುವ ಪ್ರೇಮಕ್ಕೆ, ಅಂದರೆ ಸ್ಲೋ ಬರ್ನ್ ಎನ್ನುತ್ತಾರಲ್ಲ ಅದಕ್ಕೆ, ಇಬ್ಬರನ್ನು ಹತ್ತಿರ ಇಡುವುದಕ್ಕಿಂತ ಹೀಗೆ ಅಳತೆ ಮಾಡಿ ದೂರ ಇಡುವುದೇ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಹಟ್ಟಿಯ ಚಿನ್ನದ ಗಣಿಯೂ ಇದೆ. 1952ರ ಗಣಿ ಕಾಯ್ದೆಯ 46ನೇ ಕಲಮು ಹೆಂಗಸರು ನೆಲದಡಿಯಲ್ಲಿ ದುಡಿಯುವುದನ್ನು ತಡೆದಿತ್ತು. 2019ರಲ್ಲಿ ಕೇಂದ್ರ ಸರ್ಕಾರ ತಾಂತ್ರಿಕ ಮತ್ತು ಮೇಲ್ವಿಚಾರಣೆಯ ಕೆಲಸಗಳಿಗೆ ವಿನಾಯಿತಿ ಕೊಟ್ಟಿತು. ಬಾಗಿಲು ಈಗಷ್ಟೇ ತೆರೆದ ಜಾಗದಲ್ಲಿ ಮೊದಲು ಇಳಿಯುವವಳು ಯಾರು ಎಂಬುದೇ ಒಂದು ಪೈಪೋಟಿ.

ಇಷ್ಟು ಕೆಲಸದ ವಿವರ ಏಕೆ ಬೇಕು ಎಂದರೆ, ಈ ಪ್ರಕಾರದ ಗುಟ್ಟು ಇರುವುದೇ ಅಲ್ಲಿ. ಪೈಪೋಟಿ ಎಂದರೆ ಇನ್ನೊಬ್ಬಳನ್ನು ದಿನವಿಡೀ ಗಮನಿಸುವುದಕ್ಕೆ ಸಿಕ್ಕ ಪರವಾನಗಿ. ಕಾಲುವೆಯ ಕೆಳಭಾಗದವಳು ಮೇಲ್ಭಾಗದವಳ ಪ್ರತಿಯೊಂದು ಗೇಟು, ಪ್ರತಿಯೊಂದು ಆದೇಶ, ಆಕೆ ಯಾವ ಹೊತ್ತಿಗೆ ಜೀಪು ಹತ್ತುತ್ತಾಳೆ, ಯಾವ ವಿತರಣಾ ಕಾಲುವೆಯ ಮೇಲೆ ನಿಲ್ಲುತ್ತಾಳೆ ಎಂಬುದೆಲ್ಲವನ್ನೂ ತಿಳಿದುಕೊಂಡಿರಬೇಕು. ತಿಳಿಯದಿದ್ದರೆ ನೀರು ಬರುವುದಿಲ್ಲ. ಗ್ಯಾಂಗ್‌ಮನ್‌ಗಳಿಗೆ ಫೋನ್ ಮಾಡಿ ವಿಚಾರಿಸುತ್ತಾಳೆ. ಆಕೆಯ ಗೇಜ್ ರಿಜಿಸ್ಟರನ್ನು ಸಾಲು ಸಾಲಾಗಿ ಓದುತ್ತಾಳೆ. ಯಾರಾದರೂ ಕೇಳಿದರೆ ಉತ್ತರ ಸಿದ್ಧ: ಕೆಲಸ. ತನ್ನನ್ನು ತಾನು ಕೇಳಿಕೊಂಡರೂ ಅದೇ ಉತ್ತರ. ಇಂಥ ಗಮನ ಎಲ್ಲಿಯವರೆಗೆ ಕೆಲಸದ್ದು, ಎಲ್ಲಿಂದ ಮುಂದೆ ಬೇರೆಯದ್ದು ಎಂಬ ಗೆರೆಯನ್ನು ಪಾತ್ರ ದಾಟಿದ್ದು ಓದುಗರಿಗೆ ಮೊದಲು ಗೊತ್ತಾಗುತ್ತದೆ, ಪಾತ್ರಕ್ಕೆ ಆಮೇಲೆ. ನಡುವಿನ ಅವಧಿಯೇ ಕಾದಂಬರಿಯ ಸುಖ. ಅದಕ್ಕೇ ಅಧ್ಯಾಯಗಳನ್ನು ಒಂದಾದ ಮೇಲೊಂದು ಇಬ್ಬರ ಬಾಯಲ್ಲಿ ಹೇಳಿಸುವ ಪದ್ಧತಿ ಬಂದದ್ದು. ಒಬ್ಬಳ ಅಧ್ಯಾಯದಲ್ಲಿ ಅವಮಾನವೆಂದು ಕಂಡ ಮಾತು ಇನ್ನೊಬ್ಬಳ ಅಧ್ಯಾಯದಲ್ಲಿ ತಡಬಡಿಸಿ ಹೊರಬಿದ್ದ ಮೆಚ್ಚುಗೆಯಾಗಿರುತ್ತದೆ.

ಕನ್ನಡ ಓದುಗರಿಗೆ ಜಗಳದಿಂದ ಹುಟ್ಟುವ ಪ್ರೀತಿ ಹೊಸದೇನಲ್ಲ. ಸರ್ಕ್ಯುಲೇಟಿಂಗ್ ಲೈಬ್ರರಿಯಿಂದ ವಾರಕ್ಕೆ ಮೂರು ಕಾದಂಬರಿ ತಂದು ಓದಿದ ತಲೆಮಾರಿಗಂತೂ ಬಾಯಿಪಾಠ. ಆದರೆ ನಮ್ಮ ಸಿನಿಮಾದಲ್ಲಿ, ಧಾರಾವಾಹಿಯಲ್ಲಿ ಆ ಜಗಳಕ್ಕೆ ಒಂದು ನಿಶ್ಚಿತ ದಿಕ್ಕಿದೆ: ಸೊಕ್ಕಿನ ಹುಡುಗಿ, ಅವಳನ್ನು ಪಳಗಿಸುವ ಹುಡುಗ, ಕೊನೆಗೆ ತಲೆ ತಗ್ಗಿಸಿದ ಹುಡುಗಿ. ಯಾರು ಸೋಲಬೇಕೆಂಬುದು ಕಥೆ ಶುರುವಾಗುವ ಮೊದಲೇ ನಿಶ್ಚಯವಾಗಿರುತ್ತದೆ. ಎರಡೂ ಕಡೆ ಹೆಣ್ಣೇ ಇದ್ದಾಗ ಈ ಲೆಕ್ಕ ಕೆಡುತ್ತದೆ. ಪಳಗಿಸುವವರು ಯಾರು, ಪಳಗುವವರು ಯಾರು ಎಂದು ಸಂಪ್ರದಾಯ ಇಲ್ಲಿ ಮೊದಲೇ ಬರೆದಿಟ್ಟಿಲ್ಲ. ಯಾರು ಮೊದಲು ಫೋನ್ ಮಾಡಬೇಕು, ಯಾರು ಕ್ಷಮೆ ಕೇಳಬೇಕು, ಯಾರ ಊರಿಗೆ ಯಾರು ವರ್ಗ ಮಾಡಿಸಿಕೊಳ್ಳಬೇಕು, ಎಲ್ಲವನ್ನೂ ಮೊದಲಿನಿಂದ ಮಾತಾಡಿ ತೀರ್ಮಾನಿಸಬೇಕು. ಒಬ್ಬಳಿಗೆ ಗಂಡಿನ ಪಾತ್ರ, ಇನ್ನೊಬ್ಬಳಿಗೆ ಹೆಣ್ಣಿನ ಪಾತ್ರ ಹಂಚಿ ಹಳೆಯ ಕಥೆಯನ್ನೇ ಹೊಸ ಹೆಸರಿನಲ್ಲಿ ಬರೆಯುವವರೂ ಇದ್ದಾರೆ. ಅದು ಸೋಮಾರಿತನ, ಬೇರೇನಲ್ಲ.

ಈ ಪ್ರಕಾರ ಬೆಳೆದ ದೇಶಗಳಿಂದ ನಮ್ಮ ನೆಲಕ್ಕೆ ಬಂದಾಗ ನಿಜವಾಗಿ ಕಚ್ಚಿಕೊಳ್ಳುವ ಹಲ್ಲು ಒಂದಿದೆ. ಗಂಡು ಹೆಣ್ಣಿನ ಪ್ರೇಮಕ್ಕೆ ನಮ್ಮಲ್ಲಿರುವ ಅಡ್ಡಿ ಎಂದರೆ ಜನ ತುಂಬ ನೋಡುತ್ತಾರೆ ಎಂಬುದು. ಸಿಂಧನೂರಿನ ಬಸ್ ನಿಲ್ದಾಣದಲ್ಲಿ ಒಬ್ಬ ಹುಡುಗನೂ ಹುಡುಗಿಯೂ ಹತ್ತು ನಿಮಿಷ ಮಾತಾಡಿದರೆ ಸುದ್ದಿ ಅವರಿಗಿಂತ ಮೊದಲು ಮನೆ ಮುಟ್ಟುತ್ತದೆ. ಇಬ್ಬರು ಹೆಂಗಸರಿಗೆ ಇರುವ ಅಡ್ಡಿ ಇದಕ್ಕೆ ತದ್ವಿರುದ್ಧ: ಜನ ಏನನ್ನೂ ನೋಡುವುದಿಲ್ಲ. ಕೈ ಹಿಡಿದು ನಡೆದರೆ ಗೆಳತಿಯರು. ಒಂದೇ ತಟ್ಟೆಯಲ್ಲಿ ಒಗ್ಗರಣೆ ಮಿರ್ಚಿ ತಿಂದರೆ ಗೆಳತಿಯರು. ಒಂದೇ ಮನೆ ಬಾಡಿಗೆಗೆ ಹಿಡಿದರೆ ಮನೆಯ ಮಾಲೀಕರಿಗೆ ನೆಮ್ಮದಿ. ಈ ಕುರುಡು ಅವರಿಗೆ ಆಸರೆಯೂ ಹೌದು, ಬಲೆಯೂ ಹೌದು. ಯಾರೂ ಅನುಮಾನಿಸದ ಸಂಬಂಧವನ್ನು ಯಾರೂ ಗುರುತಿಸುವುದೂ ಇಲ್ಲ. ಹತ್ತು ವರ್ಷ ಒಟ್ಟಿಗೆ ಬಾಳಿದವಳನ್ನು ಅಣ್ಣನ ಮದುವೆಯಲ್ಲಿ ‘ಇವಳ ಆಫೀಸಿನವರು’ ಎಂದು ಪರಿಚಯಿಸುತ್ತಾರೆ, ಕೇಡಿನ ಉದ್ದೇಶವೇ ಇಲ್ಲದೆ.

ಒಂದೇ ಹಾಸಿಗೆಯ ಪ್ರಸಂಗವನ್ನೇ ತೆಗೆದುಕೊಳ್ಳಿ. ಪಶ್ಚಿಮದ ರೊಮ್ಯಾನ್ಸ್ ಓದುಗರು ಇದಕ್ಕಾಗಿಯೇ ಕಾಯುತ್ತಾರೆ. ಮಳೆ, ಕೆಟ್ಟ ಗಾಡಿ, ಉಳಿದಿರುವುದು ಒಂದೇ ಕೋಣೆ, ಅದರಲ್ಲಿ ಒಂದೇ ಹಾಸಿಗೆ. ಇದನ್ನು ನಮ್ಮ ಯಾವುದಾದರೂ ಪ್ರವಾಸಿ ಮಂದಿರಕ್ಕೆ ತನ್ನಿ. ಕಾವಲುಗಾರ, “ಇಬ್ಬರೂ ಹೆಣ್ಣುಮಕ್ಕಳೇ ಅಲ್ಲವೇ, ಒಂದೇ ರೂಮು ಸಾಕಲ್ಲ” ಎಂದು ಬೀಗದ ಕೈ ಕೊಟ್ಟು ಮಲಗಲು ಹೋಗುತ್ತಾನೆ. ಸಂಕೋಚ ಇಲ್ಲ, ಹಗರಣ ಇಲ್ಲ. ಮದುವೆ ಮನೆಗಳಲ್ಲಿ ಹತ್ತು ಜನ ಹೆಂಗಸರು ಒಂದೇ ಜಮಖಾನೆಯ ಮೇಲೆ ಮಲಗಿ ಬೆಳೆದವರಿಗೆ ಇದರಲ್ಲಿ ಏನಿದೆ? ಹೊರಗಿನ ಕಾವು ಒಂದಿಷ್ಟೂ ಇಲ್ಲದ ಕಾರಣ ಕಾವೆಲ್ಲ ಒಳಗಿನಿಂದಲೇ ಬರಬೇಕು. ಇಬ್ಬರಲ್ಲಿ ಒಬ್ಬಳು ಇದು ಸಹಜವೆಂಬಂತೆ ನಿದ್ದೆಗೆ ಜಾರಬೇಕು, ಅಥವಾ ಜಾರಿದಂತೆ ನಟಿಸಬೇಕು. ಇನ್ನೊಬ್ಬಳು ತಾನೇಕೆ ಎಚ್ಚರವಾಗಿದ್ದೇನೆ ಎಂದು ಮೊದಲ ಬಾರಿ ಯೋಚಿಸಬೇಕು. ಪಶ್ಚಿಮದ ಪ್ರಸಂಗವನ್ನು ಹಾಗೆಯೇ ಎತ್ತಿ ತಂದರೆ ನಗೆಪಾಟಲು. ನಮ್ಮ ರೂಢಿಯ ಮೇಲೆ ನಿಲ್ಲಿಸಿದರೆ ಮೂಲಕ್ಕಿಂತ ಹರಿತವಾಗುತ್ತದೆ ಎಂದೇ ನನ್ನ ಅಭಿಪ್ರಾಯ.

ಇದರಿಂದ ಇನ್ನೊಂದು ತೊಡಕು ಹುಟ್ಟುತ್ತದೆ. ಮಾಮೂಲಿ ಪ್ರೇಮಕಥೆಯಲ್ಲಿ ನಾಯಕಿಗೆ ಇರುವುದು ಒಂದು ಅನುಮಾನ: ಅವನಿಗೆ ನಾನು ಇಷ್ಟವೋ ಇಲ್ಲವೋ? ಇಲ್ಲಿ ಅನುಮಾನ ಎರಡು. ಅವಳಿಗೆ ನಾನು ಇಷ್ಟವೋ, ಅದಕ್ಕೂ ಮೊದಲು, ಅವಳಿಗೆ ಹೆಂಗಸರು ಇಷ್ಟವೋ? ಕೇಳುವಂತಿಲ್ಲ. ತಪ್ಪಿದರೆ ಹೋಗುವುದು ಮಾನವೊಂದೇ ಅಲ್ಲ, ಎದುರಾಳಿಯ ಕೈಗೆ ನೀವೇ ಆಯುಧ ಕೊಟ್ಟ ಹಾಗೆ. ಬಡ್ತಿಯ ಸಾಲಿನಲ್ಲಿ ಹಿಂದೆ ನಿಂತವಳಿಗೆ ನಿಮ್ಮ ಗುಟ್ಟು ಗೊತ್ತಾದರೆ? ಸಾಧಾರಣ ಪ್ರೇಮಕಥೆಯಲ್ಲಿ ಪೈಪೋಟಿ ಕೇವಲ ಮಸಾಲೆ. ಇಲ್ಲಿ ಅದು ಅಪಾಯದ ಮೊತ್ತವನ್ನೇ ಏರಿಸುತ್ತದೆ. ಹಾಗಾಗಿ ಇಬ್ಬರೂ ಸುಳಿವುಗಳಲ್ಲಿ ಮಾತಾಡುತ್ತಾರೆ. “ಮನೆಯಲ್ಲಿ ಗಂಡು ನೋಡುತ್ತಿದ್ದಾರೆ, ನನಗೆ ಆಸಕ್ತಿ ಇಲ್ಲ” ಎಂದು ಒಬ್ಬಳು ಹೇಳಿದಾಗ ಇನ್ನೊಬ್ಬಳು “ಯಾವ ಗಂಡೂ ಬೇಡವೋ, ಈ ಗಂಡು ಬೇಡವೋ?” ಎಂದು ಕಡತದಿಂದ ತಲೆ ಎತ್ತದೆಯೇ ಕೇಳಬೇಕು. ‘ಮೇಡಂ’ ಬಿಟ್ಟು ಹೆಸರು ಹಿಡಿದು ಕರೆಯಲು ಇಂಥ ಕಾದಂಬರಿಗೆ ಇನ್ನೂರು ಪುಟ ಹಿಡಿದರೂ ನನಗೆ ಬೇಸರವಿಲ್ಲ.

ಹುದ್ದೆಯ ವಿಷಯವನ್ನು ಇಲ್ಲಿಯೇ ಹೇಳಿಬಿಡಬೇಕು. ಕೆಲಸದ ಜಾಗದ ಪ್ರೇಮದಲ್ಲಿ ಒಬ್ಬಳು ಇನ್ನೊಬ್ಬಳ ಮೇಲಧಿಕಾರಿಯಾಗಿದ್ದರೆ ಒಪ್ಪಿಗೆ ಎಂಬುದಕ್ಕೆ ಬೆಲೆ ಕಡಿಮೆ. ಸಂಬಳ, ರಜೆ, ವಾರ್ಷಿಕ ವರದಿ ಬರೆಯುವ ಕೈ ಯಾರದೋ ಅವರಿಗೆ ಬೇಡವೆನ್ನುವುದು ಸುಲಭವಲ್ಲ. ಕೆಲಸದ ಜಾಗದ ಲೈಂಗಿಕ ಕಿರುಕುಳ ತಡೆಗೆ 2013ರಲ್ಲಿ ಬಂದ ಕಾಯ್ದೆಯನ್ನು ಗಂಡಸರ ವಿರುದ್ಧದ್ದು ಎಂದಷ್ಟೇ ತಿಳಿದವರು ಬಹಳ ಮಂದಿ. 2020ರಲ್ಲಿ ಕಲ್ಕತ್ತಾ ಹೈಕೋರ್ಟು, ದೂರು ಕೊಟ್ಟವಳೂ ಆರೋಪಿಯೂ ಒಂದೇ ಲಿಂಗದವರಾಗಿದ್ದರೂ ಈ ಕಾಯ್ದೆಯಡಿ ದೂರು ನಿಲ್ಲುತ್ತದೆ ಎಂದು ಹೇಳಿತು. ಪೈಪೋಟಿಯ ಕಥೆಗೆ ಇರುವ ದೊಡ್ಡ ಅನುಕೂಲವೆಂದರೆ ಈ ಇಕ್ಕಟ್ಟಿನಿಂದ ಅದು ತಾನಾಗಿಯೇ ಪಾರಾಗುತ್ತದೆ. ಸಮಾನ ಹುದ್ದೆ, ಬೇರೆ ಬೇರೆ ಉಪವಿಭಾಗ, ಒಬ್ಬಳ ಸಹಿಯ ಕೆಳಗೆ ಇನ್ನೊಬ್ಬಳಿಲ್ಲ.

ಇಬ್ಬರನ್ನು ಒಂದೇ ಕೋಣೆಯಲ್ಲಿ ಕೂರಿಸುವ ನೆಪವನ್ನು ನಮ್ಮ ಕಾಲುವೆಯ ಕಥೆಗೆ ಇತಿಹಾಸವೇ ಕೊಟ್ಟಿದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರೆಸ್ಟ್ ಗೇಟು ಸರಪಳಿ ತುಂಡಾಗಿ ಕೊಚ್ಚಿಹೋಯಿತು. 33 ಗೇಟುಗಳ ಅಣೆಕಟ್ಟು, ಹೆಚ್ಚುಕಡಿಮೆ 105 ಟಿಎಂಸಿ ಅಡಿ ನೀರು, ತುಂಬಿ ನಿಂತ ಹೊತ್ತು. ಹಾನಿ ತಪ್ಪಿಸಲು ಉಳಿದ ಗೇಟುಗಳನ್ನೂ ತೆರೆದು ಇಡೀ ಸೀಮೆಯ ಬೆಳೆಯ ನೀರನ್ನು ನದಿಗೆ ಬಿಡಬೇಕಾಯಿತು. ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಹರಿಯುವ ನೀರಿನಲ್ಲೇ, ಗೇಟಿನ ಬಾಯಿ ಮುಚ್ಚುವ ಉಕ್ಕಿನ ಹಲಗೆಗಳಾದ ಸ್ಟಾಪ್‌ಲಾಗ್ ಇಳಿಸಿ ಸುಮಾರು ಒಂದು ವಾರದಲ್ಲಿ ಸೋರಿಕೆ ನಿಲ್ಲಿಸಿದರು. ಆ ವಾರ ನಮ್ಮ ಇಬ್ಬರು ನಾಯಕಿಯರನ್ನು ಮುನಿರಾಬಾದಿಗೆ ಕರೆಸಿ, ಉಳಿಯುವ ನೀರಿನಲ್ಲಿ ಯಾವ ವಿತರಣಾ ಕಾಲುವೆಗೆ ಎಷ್ಟು ಎಂದು ಲೆಕ್ಕ ಹಾಕಲು ಕೂರಿಸಿದರೆ, ಹಂಚಿಕೊಳ್ಳಲು ಜಗಳವಾಡುತ್ತಿದ್ದ ನೀರೇ ಇಬ್ಬರ ಕಣ್ಣೆದುರು ಹೊರಟುಹೋಗುತ್ತಿದೆ. ಪೈಪೋಟಿಯ ವಸ್ತುವೇ ಇಲ್ಲವಾದಾಗ ಪೈಪೋಟಿಯ ಹೆಸರಿನಲ್ಲಿ ಏನು ನಡೆಯುತ್ತಿತ್ತು ಎಂಬುದು ಬಯಲಾಗುತ್ತದೆ. ಮೊದಲ ಚುಂಬನಕ್ಕೆ ಇದಕ್ಕಿಂತ ಒಳ್ಳೆಯ ವಾರ ಸಿಗದು. ಆದರೆ ಊರು ಮುಳುಗುವ ಭಯದಲ್ಲಿರುವಾಗ ಇಬ್ಬರು ಸರ್ಕಾರಿ ಎಂಜಿನಿಯರರು ಕೆಲಸ ಬಿಟ್ಟು ಮುತ್ತಿಡುತ್ತಿದ್ದರೆ ಓದುಗರೇ ದೂರು ಕೊಡುತ್ತಾರೆ. ಮೊದಲು ಸ್ಟಾಪ್‌ಲಾಗ್ ಇಳಿಯಲಿ.

ಕಾದಂಬರಿಯ ಮುಕ್ಕಾಲು ದಾಟಿದ ಮೇಲೆ ಒಂದು ಮುರಿತ ಬರುತ್ತದೆ. ಪ್ರಕಾರದ ನಿಯಮವೇ ಅದು. ಕೆಟ್ಟ ಕಾದಂಬರಿಯಲ್ಲಿ ಇದು ಬಾಗಿಲ ಮರೆಯಲ್ಲಿ ಅರ್ಧ ಕೇಳಿಸಿಕೊಂಡ ಮಾತಿನಿಂದ ಆಗುತ್ತದೆ. ಒಳ್ಳೆಯದರಲ್ಲಿ ಮೊದಲ ಅಧ್ಯಾಯದ ಜಗಳವೇ ದೊಡ್ಡದಾಗಿ ಮರಳುತ್ತದೆ. ಮೇಲ್ಭಾಗದವಳು ಒತ್ತಡಕ್ಕೆ ಮಣಿದು ಒಂದು ರಾತ್ರಿ ತನ್ನ ವಿತರಣಾ ಕಾಲುವೆಗಳ ಗೇಟುಗಳನ್ನು ಎತ್ತಿಸುತ್ತಾಳೆ, ಕೆಳಭಾಗದವಳಿಗೆ ಹೇಳುವುದಿಲ್ಲ. ಮಾರನೆಯ ದಿನ 104ನೇ ಮೈಲ್‌ನಲ್ಲಿ ಗೇಜ್ ಬೀಳುತ್ತದೆ, ಹೂವಿಗೆ ಬಂದ ಬೆಳೆ ಒಣಗುತ್ತದೆ. ಈಗ ಪ್ರಶ್ನೆ ಪ್ರೀತಿಯದ್ದಲ್ಲ, ರೈತರದ್ದು. ‘ನನ್ನನ್ನು ಕ್ಷಮಿಸು’ ಎಂದರೆ ಮುಗಿಯುವಂಥದ್ದಲ್ಲ, ರಿಜಿಸ್ಟರಿನಲ್ಲಿ ನಿಜವಾದ ಅಂಕಿಯನ್ನು ಬರೆಯಬೇಕು, ಬರೆದರೆ ಬಡ್ತಿ ಹೋಗುತ್ತದೆ.

ಮನೆಯ ಕಡೆಯ ಮುರಿತವೂ ಇರುತ್ತದೆ, ಅದನ್ನು ತೇಲಿಸಿ ಬರೆಯುವಂತಿಲ್ಲ. ಮೂವತ್ತು ದಾಟಿದ ಸರ್ಕಾರಿ ನೌಕರಿಯ ಹುಡುಗಿಗೆ ವರ ಹುಡುಕುವ ಉತ್ಸಾಹ ಇಡೀ ಬಳಗದ್ದು. ಜೊತೆಗೆ ಜಾತಿ. ಇಬ್ಬರು ಹೆಂಗಸರ ಪ್ರೀತಿಯ ಕಥೆಯಲ್ಲಿ ಜಾತಿಯ ಮಾತೇ ಬಾರದಿದ್ದರೆ ಆ ಕಥೆ ನಮ್ಮ ಜಿಲ್ಲೆಗಳದ್ದಲ್ಲ. ಗೆಳತಿಯಾಗಿ ಅಡುಗೆಮನೆಗೆ ಬಂದವಳನ್ನು ಯಾವ ಓಣಿಯವಳು ಎಂದು ಕೇಳಿಯೇ ಕೇಳುತ್ತಾರೆ. ವಿಷಯ ಬಯಲಾದರೆ ಫೋನ್ ಕಸಿದು ಮನೆಯಲ್ಲಿ ಕೂಡಿಹಾಕುವುದೂ ಉಂಟು. ಅಂಥದ್ದೇ ಪ್ರಕರಣವೊಂದರಲ್ಲಿ, ಮನೆಯವರು ಹಿಡಿದಿಟ್ಟಿದ್ದ ಹೆಣ್ಣುಮಗಳಿಗಾಗಿ ಅವಳ ಸಂಗಾತಿ ಅವಳನ್ನು ಕೋರ್ಟಿನ ಮುಂದೆ ತರಿಸಬೇಕೆಂಬ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಿದಾಗ, 2025ರ ಮೇ ತಿಂಗಳಲ್ಲಿ ಮದ್ರಾಸ್ ಹೈಕೋರ್ಟು ಕುಟುಂಬ ಕಟ್ಟಲು ಮದುವೆಯೊಂದೇ ದಾರಿಯಲ್ಲ ಎಂದು ಹೇಳಿ ಅವಳನ್ನು ಅವಳ ಇಷ್ಟದಂತೆ ಹೋಗಲು ಬಿಟ್ಟಿತು.

ಇನ್ನು ಕೊನೆ. ಹೆಣ್ಣು ಹೆಣ್ಣಿನ ಪ್ರೇಮಕ್ಕೆ ಸುಖದ ಕೊನೆ ಕೊಡುವುದು ಬಹುಕಾಲ ಪುಸ್ತಕೋದ್ಯಮಕ್ಕೇ ನಿಷಿದ್ಧವಾಗಿತ್ತು. 1950ರ ದಶಕದ ಅಮೆರಿಕದ ಅಗ್ಗದ ಕಾದಂಬರಿಗಳಲ್ಲಿ ಇಂಥ ನಾಯಕಿಯರು ಸಾಯಬೇಕಿತ್ತು, ಹುಚ್ಚಿಯರಾಗಬೇಕಿತ್ತು, ಅಥವಾ ಗಂಡಸಿನ ಬಳಿಗೆ ಮರಳಬೇಕಿತ್ತು, ಇಲ್ಲದಿದ್ದರೆ ಅಶ್ಲೀಲವೆಂಬ ಮೊಕದ್ದಮೆಯ ಭಯ. 1952ರಲ್ಲಿ ಪೆಟ್ರಿಶಿಯಾ ಹೈಸ್ಮಿತ್ ಈ ಕಟ್ಟು ಮುರಿದು ಇಬ್ಬರನ್ನೂ ಬದುಕಲು ಬಿಟ್ಟ ಕಾದಂಬರಿ ಬರೆದಾಗ ಅದಕ್ಕೆ ತಮ್ಮ ಹೆಸರನ್ನೇ ಹಾಕಲಿಲ್ಲ, ಕ್ಲೇರ್ ಮೋರ್ಗನ್ ಎಂಬ ಸುಳ್ಳು ಹೆಸರಿನಲ್ಲಿ ಪ್ರಕಟಿಸಿದರು. ನಮ್ಮಲ್ಲಿ ಗಂಡು ಗಂಡಿನ ಪ್ರೀತಿಯನ್ನು ನೇರವಾಗಿ ಬರೆದ ‘ಮೋಹನಸ್ವಾಮಿ’ ಕಥಾಸಂಕಲನ ಬಂದದ್ದು 2013ರಲ್ಲಿ, ಬರೆದವರು ಬಳ್ಳಾರಿ ಜಿಲ್ಲೆಯ ಸಂಡೂರಿನವರಾದ ವಸುಧೇಂದ್ರ. ಅದೇ ವರ್ಷದ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು, ಸಲಿಂಗ ಸಂಬಂಧವನ್ನು ಅಪರಾಧವೆನ್ನುತ್ತಿದ್ದ ದಂಡ ಸಂಹಿತೆಯ 377ನೇ ಕಲಮನ್ನು ಮತ್ತೆ ಎತ್ತಿಹಿಡಿದಿತ್ತು. ಒಪ್ಪಿಗೆಯ ವಯಸ್ಕ ಸಂಬಂಧ ಅಪರಾಧವಲ್ಲ ಎಂಬ ತೀರ್ಪು ಬಂದದ್ದು 2018ರ ಸೆಪ್ಟೆಂಬರ್ 6ರಂದು. ಸುಖದ ಕೊನೆ ಎಂಬುದು ಇಲ್ಲಿ ಹಗುರ ಸಾಹಿತ್ಯದ ಸಕ್ಕರೆಯಲ್ಲ, ಓದುಗರಿಗೆ ಬಹಳ ದಿನ ಸಿಗದೆ ಹೋಗಿದ್ದ ಪಾಲು.

ಆದರೆ ಯಾವ ಸುಖ? ಮಾಮೂಲಿ ಕಾದಂಬರಿ ತಾಳಿಯಲ್ಲಿ ಮುಗಿಯುತ್ತದೆ. 2023ರ ಅಕ್ಟೋಬರ್ 17ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಸಲಿಂಗ ವಿವಾಹಕ್ಕೆ ಮಾನ್ಯತೆ ಕೊಡಲು ನಿರಾಕರಿಸಿ ಅದನ್ನು ಶಾಸಕಾಂಗಕ್ಕೆ ಬಿಟ್ಟಿತು. ಹಾಗಾಗಿ ಲೇಖಕಿ ತಾಳಿಯ ಜಾಗದಲ್ಲಿ ಬೇರೆ ಕಾಗದಪತ್ರ ಹುಡುಕಬೇಕು. ಕಾಗದಪತ್ರ ಇವೆ ಎಂಬುದೇ ಸ್ವಾರಸ್ಯ. 2024ರ ಆಗಸ್ಟಿನಲ್ಲಿ ಕೇಂದ್ರ ಹಣಕಾಸು ಸಚಿವಾಲಯ, ಇಂಥ ಜೋಡಿಗಳು ಜಂಟಿ ಬ್ಯಾಂಕ್ ಖಾತೆ ತೆರೆಯಲು, ಸಂಗಾತಿಯನ್ನು ನಾಮನಿರ್ದೇಶನ ಮಾಡಲು ಯಾವ ತಡೆಯೂ ಇಲ್ಲ ಎಂದು ಸ್ಪಷ್ಟಪಡಿಸಿತು. ಪಡಿತರ ಚೀಟಿಯ ಮಟ್ಟಿಗೆ ಒಟ್ಟಿಗೆ ಬಾಳುವವರನ್ನು ಒಂದೇ ಕುಟುಂಬವೆಂದು ಪರಿಗಣಿಸುವಂತೆ ರಾಜ್ಯಗಳಿಗೂ ಸೂಚನೆ ಹೋಯಿತು. ಗ್ರಾಮೀಣ ಬ್ಯಾಂಕಿನ ಕೌಂಟರಿನಲ್ಲಿ ನಾಮಿನಿಯ ಸಂಬಂಧ ಎಂಬ ಖಾನೆಗೆ ಏನು ಬರೆಯಬೇಕೆಂದು ಇಬ್ಬರು ಎಂಜಿನಿಯರರು ಪಿಸುಗುಟ್ಟುತ್ತಾ ಜಗಳವಾಡುವ ಪ್ರಸಂಗವನ್ನು ನಾನಾದರೆ ಮದುವೆ ಮಂಟಪದ ಯಾವ ಅಧ್ಯಾಯಕ್ಕೂ ಬದಲಾಯಿಸಿಕೊಳ್ಳಲಾರೆ. ಜಗಳದಿಂದ ಶುರುವಾದವರು ಜಗಳ ಬಿಡಬೇಕೆಂದು ಯಾರು ಹೇಳಿದರು?

ಉಳಿದದ್ದು ಆ ಒಂದು ಕುರ್ಚಿ. ಬಹುಪಾಲು ಲೇಖಕರು ಇಲ್ಲಿ ಹೆದರುತ್ತಾರೆ. ಒಬ್ಬಳು ಪ್ರೀತಿಗಾಗಿ ಬಡ್ತಿ ಬಿಟ್ಟುಕೊಡುತ್ತಾಳೆ, ಇಲ್ಲವೇ ಇಬ್ಬರೂ ರಾಜೀನಾಮೆ ಕೊಟ್ಟು ಸ್ವಂತ ಸಂಸ್ಥೆ ಕಟ್ಟುತ್ತಾರೆ, ಇಲ್ಲವೇ ಎಲ್ಲಿಂದಲೋ ಎರಡನೇ ಹುದ್ದೆ ಸೃಷ್ಟಿಯಾಗುತ್ತದೆ. ಮೂರೂ ಮೋಸ. ಬಿಟ್ಟುಕೊಡುವುದೆಂದರೆ ಹೆಣ್ಣು ತ್ಯಾಗ ಮಾಡುವ ಅದೇ ಹಳೆಯ ಕಥೆಗೆ ಹಿಂಬಾಗಿಲಿನಿಂದ ಮರಳಿದಂತೆ. ಸರ್ಕಾರಿ ಕೆಲಸ ಬಿಟ್ಟು ಸ್ವಂತ ಸಂಸ್ಥೆ ಕಟ್ಟುವುದನ್ನು ಮಾನ್ವಿಯಲ್ಲಾಗಲಿ ಗಂಗಾವತಿಯಲ್ಲಾಗಲಿ ಒಬ್ಬ ಓದುಗರೂ ನಂಬುವುದಿಲ್ಲ. ಮುನ್ನೂರು ಪುಟ ಸರಿಸಮರೆಂದು ಹೇಳಿಕೊಂಡು ಬಂದ ಮೇಲೆ ಆಯ್ಕೆ ನಡೆಯಲಿ, ಒಬ್ಬಳು ಗೆಲ್ಲಲಿ, ಇನ್ನೊಬ್ಬಳು ನಿಜವಾಗಿ ಸೋಲಲಿ. ಸೋತವಳು ಆ ರಾತ್ರಿ ಊಟಕ್ಕೆ ಕೂತಾಗ ಸಿಟ್ಟು ಮಾಡಿಕೊಳ್ಳಲಿ, ಗೆದ್ದವಳು ಸಮಾಧಾನದ ಮಾತಾಡದೆ, ನಾಳೆ ಎಷ್ಟು ಗಂಟೆಗೆ ಗೇಟು ಇಳಿಸಬೇಕೆಂದು ಕೇಳಲಿ, ಸೋತವಳು ಹೇಳಿದ ಗಂಟೆಯನ್ನು ಒಪ್ಪದೆ ಮತ್ತೆ ಚೌಕಾಸಿಗೆ ಇಳಿಯಲಿ.